ಹೊರಬೀಡಿನ ದಿನದ ಅಳತೆ

ಕಲ್ಲುಮಡುವಿನ ನೆಲದೊಳಗೆ ಕಿವಿ ಹೂಳಿದ ಮೇಲೆ ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಜಗಳವಾಡಿಲ್ಲ. ಜಗಳವೇ ನಿಂತಿತೆಂದಲ್ಲ. ಗಂಡ ಹೆಂಡಿರು ಹಲ್ಲು ಕಚ್ಚಿಕೊಂಡು ಪಿಸುಮಾತಿನಲ್ಲಿ ಬೈದಾಡುವುದನ್ನು ಕಲಿತಿದ್ದರು. ಪಿಸುಮಾತಿನಲ್ಲಿ ಬೈದರೆ ಬೈದ ಹಾಗೂ ಆಗುವುದಿಲ್ಲ, ಬೈಸಿಕೊಂಡವರಿಗೆ ತಟ್ಟುವುದೂ ಇಲ್ಲ. ಹೀಗಾಗಿ ಸಿಟ್ಟೆಲ್ಲ ಹೊಟ್ಟೆಯೊಳಗೇ ಉಳಿದು ಹಳಸುತ್ತಿತ್ತು.

ಕಿವಿ ಎಂದರೆ ಕೂದಲೆಳೆಯಂಥ ಗಾಜಿನ ತಂತಿ. ಊರ ಸುತ್ತ, ಓಣಿ ಓಣಿಯಲ್ಲಿ, ತುಂಗಭದ್ರೆಯ ದಂಡೆಗುಂಟ ಮೊಣಕಾಲಾಳದಲ್ಲಿ ಅದನ್ನು ಹೂತಿದ್ದರು. ಅದರೊಳಗೆ ಸದಾ ಬೆಳಕು ಹರಿಯುತ್ತಿರುತ್ತದೆ. ಮೇಲೆ ಯಾರಾದರೂ ನಡೆದರೆ, ಒನಕೆ ಬಿದ್ದರೆ, ಎಮ್ಮೆ ಓಡಿದರೆ ನೆಲ ನಡುಗುತ್ತದೆ. ನೆಲದ ಜೊತೆ ತಂತಿ ನಡುಗುತ್ತದೆ, ಬೆಳಕು ಕದಲುತ್ತದೆ. ಆ ಕದಲಿಕೆ, ಕಂಬಗಳ ಮೇಲಿನ ಪೆಟ್ಟಿಗೆಗಳು ಮೂಸಿದ ಹೊಗೆ, ಹೊಳೆಯೊಳಗಿನ ಪೆಟ್ಟಿಗೆ ಕೇಳಿಸಿಕೊಂಡ ಸದ್ದು, ಎಲ್ಲವನ್ನೂ ಕೂಡಿಸಿ ಯಂತ್ರ ಒಂದೇ ಒಂದು ಅಂಕಿ ಹೇಳುತ್ತಿತ್ತು. ಅದಕ್ಕೆ ಭಾರ ಎಂದು ಹೆಸರು. ಈ ಜಾಗ ನೂರರಷ್ಟು ಭಾರ ಹೊರಬಲ್ಲದು. ಈಗ ಎಷ್ಟು ಹೊತ್ತಿದೆಯೋ ಅದನ್ನು ಕಳೆದು ಮಿಕ್ಕಿದ್ದಷ್ಟಕ್ಕೆ ಮಾತ್ರ ಪ್ರವಾಸಿಗರನ್ನು ಒಳಗೆ ಬಿಡುವುದು. ಹೊಳೆಯ ನೀರುನಾಯಿಗಳನ್ನೂ ದಂಡೆಯ ಹಾಳು ಮಂಟಪಗಳನ್ನೂ ನೋಡಲು ಬಂದವರು ಅವನ್ನೇ ತುಳಿದು ಕೊಲ್ಲಬಾರದಲ್ಲ, ಅದಕ್ಕೆ.

ಈ ಯೋಜನೆಯನ್ನು ಸುಮ್ಮನೆ ಬೈದುಬಿಟ್ಟರೆ ನಾಲಿಗೆ ಸುಳ್ಳಾಡಿದಂತೆ. ಅದಕ್ಕೂ ಮೊದಲು ಕಲ್ಲುಮಡು ನೋಡುವ ಹಾಗಿರಲಿಲ್ಲ. ಶನಿವಾರ ಬಂತೆಂದರೆ ಮಂಟಪದೊಳಗೆ ಕುಡಿತ, ಹೊಳೆಯ ಮೇಲೆ ಕಿವಿ ಹರಿಯುವ ಹಾಡು, ಮರಳಲ್ಲಿ ಬಾಟಲಿ ಚೂರು. ಬರಿಗಾಲಲ್ಲಿ ನೀರಿಗಿಳಿದ ಮಕ್ಕಳ ಕಾಲು ನೆಟ್ಟಗೆ ಉಳಿಯುತ್ತಿರಲಿಲ್ಲ. ನೀರುನಾಯಿಗಳು ಯಾವಾಗಲೋ ಜಾಗ ಖಾಲಿ ಮಾಡಿದ್ದವು. ಯೋಜನೆಯವರು ಬಂದಾಗ ಊರೇ ಎದ್ದು ಹೋಗಿ ಹಾರ ಹಾಕಿತ್ತು. ಅಂಬಿಗರ ಯಂಕಮ್ಮನ ಮಗಳು ಹುಲಿಗೆಮ್ಮ ಆಗಷ್ಟೇ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಳು. ಅವಳನ್ನೇ ಸ್ಥಳೀಯ ಅಧಿಕಾರಿ ಎಂದು ತೆಗೆದುಕೊಂಡರು. ಕಲ್ಲುಬಂಡೆಯ ಮೇಲೆ ಕಟ್ಟಿದ ನಿಯಂತ್ರಣ ಕೊಠಡಿಯಲ್ಲಿ ಅವಳಿಗೊಂದು ಕುರ್ಚಿ, ಎದುರಿಗೆ ಗೋಡೆಯಗಲದ ಪರದೆ. ಊರು ಅವಳ ಕಡೆ ಹೆಮ್ಮೆಯಿಂದ ನೋಡಿತು, ಅವಳೂ ತನ್ನ ಕಡೆ ಹಾಗೇ ನೋಡಿಕೊಂಡಳು.

ಕಸ ಹೋಯಿತು, ಹಾಡು ನಿಂತಿತು, ಮರು ವರ್ಷವೇ ನೀರುನಾಯಿಗಳು ಮರಿಗಳ ಸಮೇತ ವಾಪಸು ಬಂದವು. ಆಮೇಲೆ ತಕರಾರು ಶುರುವಾಯಿತು. ಪ್ರವಾಸಿಗ ರಬ್ಬರಿನ ಮೆತ್ತನೆಯ ಜೋಡು ಮೆಟ್ಟಿ, ನೆಲ ಮುಟ್ಟದ ಅಟ್ಟದ ದಾರಿಯಲ್ಲಿ ನಡೆದು, ಬೇರೆಲ್ಲೋ ಬೇಯಿಸಿ ತಂದದ್ದನ್ನು ಉಂಡು, ಸಂಜೆಗೆ ಹೊರಡುತ್ತಾನೆ. ಅವನ ಭಾರ ಎಷ್ಟರದು? ಊರಿನವರದು ಹಾಗಲ್ಲ. ಅವರು ಒಲೆ ಹಚ್ಚುತ್ತಾರೆ, ಬಟ್ಟೆ ಬಡಿಯುತ್ತಾರೆ, ಖಾರ ಕುಟ್ಟುತ್ತಾರೆ, ಎಮ್ಮೆ ಹೊಡೆಯುತ್ತಾರೆ, ಸತ್ತರೆ ಅಳುತ್ತಾರೆ. ಯಂತ್ರದ ಲೆಕ್ಕದಲ್ಲಿ ಕಲ್ಲುಮಡುವಿನ ಒಬ್ಬ ಮನುಷ್ಯ ನಾಲ್ಕು ಪ್ರವಾಸಿಗರ ತೂಕ ತೂಗಿದ.

ಹಾಗಾಗಿ ಪಾಳಿ ಬಂತು. ಪ್ರವಾಸಿಗರನ್ನು ಹರಿಗೋಲಿನಲ್ಲಿ ತಿರುಗಿಸುವ ಕೆಲಸ ಯಾರ ಮನೆಯ ಭಾರ ಕಡಿಮೆಯೋ ಅವರಿಗೆ ಮೊದಲು. ಬೇರೆ ದುಡಿಮೆ ಇಲ್ಲದ ಅಂಬಿಗರಿಗೆ ಇದಕ್ಕಿಂತ ದೊಡ್ಡ ಕೊಕ್ಕೆ ಬೇಕೆ? ಎಮ್ಮೆಗಳು ನೆಂಟರ ಊರು ಸೇರಿದವು. ಮಕ್ಕಳು ಹಾಸ್ಟೆಲು ಸೇರಿದರು. ಒರಳು, ಬೀಸುಕಲ್ಲುಗಳನ್ನು ಪ್ರವಾಸಿ ಬಿಡಾರದವರು ಅಂಗಳದ ಅಲಂಕಾರಕ್ಕೆ ಒಯ್ದರು. ಯೋಜನೆಯ ಕ್ಯಾಂಟೀನಿನಿಂದ ಪೊಟ್ಟಣದ ರೊಟ್ಟಿ ಬರತೊಡಗಿತು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಿಲ್ಲ, ಹೊಗೆಯಿಲ್ಲ. ಒಂದು ಮನೆಗೆ ಇಷ್ಟೇ ಭಾರ ಎಂಬ ಕಟ್ಟು ಬಂದಾಗ ಮನೆಗಳೊಳಗೆ ನಡುಗೋಡೆ ಎದ್ದು ಒಂದೊಂದು ಎರಡೆರಡಾದವು. ಯಂಕಮ್ಮನದೂ ಹಾಗೆಯೇ. ಮುಂದಿನ ಅರ್ಧ ಅವಳ ಹೆಸರಿಗೆ, ಹಿಂದಿನ ಅರ್ಧ ಮಗಳ ಹೆಸರಿಗೆ. ಹುಲಿಗೆಮ್ಮ ಉಣ್ಣುವುದು ಅವ್ವನ ಕಡೆ, ಮಲಗುವುದು ತನ್ನ ಕಡೆ. ಅವಳ ಒಲೆಗೆ ಬೆಂಕಿ ಬಿದ್ದದ್ದು ಗೃಹಪ್ರವೇಶದ ದಿನ ಒಮ್ಮೆ ಮಾತ್ರ.

ಪಕ್ಕದ ಮನೆಯ ಗಾಳೆಪ್ಪನ ಅಪ್ಪ ತೀರಿಕೊಂಡಾಗ ಹಲಗೆ ಬಾರಿಸಿದರು. ಅಂಬಿಗರ ಹಿರಿಯ, ಹಲಗೆಯಿಲ್ಲದೆ ಹೇಗೆ ಎತ್ತುವುದು? ಅಂಕಿ ನೂರು ದಾಟಿತು, ಹೆಬ್ಬಾಗಿಲು ಮುಚ್ಚಿತು, ದೂರದಿಂದ ಬಂದವರು ಗೊಣಗುತ್ತ ವಾಪಸಾದರು, ಆ ವಾರ ಪಾಳಿಯಿದ್ದ ಮನೆಗಳ ಬಾಯಿಗೆ ಮಣ್ಣು ಬಿತ್ತು. ಅಲ್ಲಿಂದಾಚೆ ಕಲ್ಲುಮಡುವಿನಲ್ಲಿ ಹೆಣಗಳೂ ಬೆಕ್ಕಿನ ಹೆಜ್ಜೆಯಲ್ಲಿ ಹೋಗುತ್ತಿವೆ.

ಮಾತು ಕೇಳದವಳು ಯಂಕಮ್ಮ ಒಬ್ಬಳೇ. ಪಾಳಿಯ ಹಂಗಿಲ್ಲದ ವಿಧವೆ, ಮಗಳಿಗೆ ಸಂಬಳ ಬರುತ್ತದೆ. ಮುಂಜಾನೆ ಕಟ್ಟಿಗೆ ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯದಿದ್ದರೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಆದರೂ ಮಗಳ ಮುಖ ನೋಡಿ ಹಿಟ್ಟಿನ ಕೆಳಗೆ ನಾಲ್ಕು ಮಡಿಕೆ ಗೋಣಿ ಹಾಸಿಕೊಂಡು ಮೆಲ್ಲಗೆ ತಟ್ಟುತ್ತಿದ್ದಳು.

"ಗೋಣಿ ಮ್ಯಾಲ ಬಡದ್ರ ರೊಟ್ಟಿ ಅಲ್ಲ, ಹಪ್ಪಳ ಆಗ್ತೈತಿ" ಎನ್ನುತ್ತಿದ್ದಳು. "ಅಂಚು ಬಿಡತೈತಿ ನೋಡು. ನಿಮ್ಮ ಆಫೀಸಿನ ಮೇಡಂಗ ಒಯ್ದು ಕೊಡು, ತಿಂದು ಹೇಳ್ಲಿ."

ಹೀಗಿರುವಾಗ ಆದೇಶ ಬಂತು. ಊರಿನವರ ಭಾರ ಅರವತ್ತರಿಂದ ಇಳಿದು ಇಳಿದು ಎಂಟಕ್ಕೆ ಬಂದು ನಿಂತಿತ್ತು. ಎಷ್ಟು ಉಸಿರು ಬಿಗಿಹಿಡಿದರೂ ಅದಕ್ಕಿಂತ ಕೆಳಗೆ ಹೋಗಲೊಲ್ಲದು. ಮೇಲಿನ ದರ್ಜೆಯ ಹಸಿರು ಮುದ್ರೆ ಸಿಗಬೇಕಾದರೆ ಅದು ಶೂನ್ಯವಾಗಬೇಕು. ಆ ಮುದ್ರೆ ಸಿಕ್ಕರೆ ಜಗತ್ತಿನ ಶ್ರೀಮಂತ ಪ್ರವಾಸಿಗರೆಲ್ಲ ಇಲ್ಲಿಗೇ. ಆದ್ದರಿಂದ ಕಲ್ಲುಮಡುವಿನ ನಿವಾಸಿಗಳನ್ನು ಹೆದ್ದಾರಿಯ ಬದಿಯ ಹೊಸ ಬಡಾವಣೆಗೆ ಸ್ಥಳಾಂತರಿಸಲಾಗುವುದು. ಪಾಳಿಯಿದ್ದವರನ್ನು ವಾಹನದಲ್ಲಿ ಕರೆತಂದು ಬಿಡಲಾಗುವುದು.

ಯೋಜನೆಯ ನಿರ್ದೇಶಕಿ ಡಾ. ಮೃಣಾಲಿನಿ ಬಿದರಿ ಅದನ್ನು ಪರದೆಯ ಮೇಲೆ ತೋರಿಸಿದಾಗ ಹುಲಿಗೆಮ್ಮನಿಗೆ ಮೊದಲು ಹೊಳೆದದ್ದು ಅವ್ವನ ಮುಖ. ಐವತ್ತು ವರ್ಷ ಹೊಳೆಯ ಸದ್ದು ಕೇಳಿ ಮಲಗಿದವಳು ಲಾರಿಯ ಸದ್ದಿಗೆ ಹೇಗೆ ಕಣ್ಣು ಮುಚ್ಚಿಯಾಳು? ಎರಡನೆಯದಾಗಿ ಹೊಳೆದದ್ದು ಒಂದು ಪ್ರಶ್ನೆ. ಎಂಟು ಎಂದರೆ ಯಾವುದಕ್ಕಿಂತ ಎಂಟು? ಶೂನ್ಯ ಎಂದರೆ ಯಾವ ದಿನದ್ದು?

ಅವಳು ಹಳೆಯ ದಾಖಲೆ ತೆರೆದಳು. ಶೂನ್ಯ ಅಳೆದ ತಾರೀಕು ಅಲ್ಲಿತ್ತು. ಅವಳೇ ಆರಿಸಿಕೊಟ್ಟ ದಿನ ಅದು.

ತಕ್ಕಡಿಯಲ್ಲಿ ಏನೂ ಇಡದೆ ಮೊದಲು ಮುಳ್ಳು ಸರಿಮಾಡುವಂತೆ ಯಂತ್ರಕ್ಕೂ ಶೂನ್ಯ ಕಲಿಸಬೇಕಿತ್ತು. ಜಾಗ ತನ್ನ ಪಾಡಿಗೆ ತಾನು ನೆಮ್ಮದಿಯಾಗಿರುವ ಒಂದು ದಿನ ಬೇಕು ಎಂದಿದ್ದರು ಬಿದರಿ. ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೇ, ಹುಲಿಗೆಮ್ಮನಿಗೆ ಉಬ್ಬು. "ಬರೋ ಮಂಗಳವಾರ ನಮ್ಮೂರಾಗ ಹೊರಬೀಡು ಐತ್ರಿ ಮೇಡಂ. ಅವತ್ತು ಒಂದು ಕೋಳಿನೂ ಊರಾಗ ಇರಂಗಿಲ್ಲ" ಎಂದುಬಿಟ್ಟಿದ್ದಳು.

ಹೊರಬೀಡು ಆ ಸೀಮೆಯ ಹಳೆಯ ನಡೆ. ಊರಿಗೆ ಬೇನೆ ಬಿದ್ದರೆ, ಮಳೆ ಮುನಿದರೆ, ಒಂದು ದಿನ ಊರನ್ನು ದೇವಿಗೆ ಬಿಟ್ಟುಕೊಡುವುದು. ನಸುಕಿನಲ್ಲೇ ಮನೆ ಗುಡಿಸಿ, ಒಲೆ ಹಚ್ಚದೆ, ದನ ಕರು, ಕೋಳಿ, ಕೂಸು, ಹಾಸಿಗೆ ಹಿಡಿದ ಮುದುಕರ ಸಮೇತ ಎಲ್ಲರೂ ಹೊಲದ ಮರಗಳ ಕೆಳಗೆ ಬೀಡು ಬಿಡುತ್ತಾರೆ. ಊರ ಅಗಸೆ ಬಾಗಿಲಿಗೆ ಮುಳ್ಳುಕಂಟಿ ಹಚ್ಚುತ್ತಾರೆ. ಹೊತ್ತು ಮುಳುಗಿದ ಮೇಲೆ ವಾಪಸು ಬಂದು ನೀರು ಚಿಮುಕಿಸಿ ದೀಪ ಹಚ್ಚಿ ಒಳಗೆ ಹೋಗುತ್ತಾರೆ. ಯಾರೇ ಆದರೂ ಹೊರಬೀಡಿಗೆ ಹೋಗುವುದು ವಾಪಸು ಬರಲಿಕ್ಕೆ. ಯಂತ್ರಕ್ಕೆ ಈ ಮಾತು ಯಾರೂ ಹೇಳಲಿಲ್ಲ. ಜನರಿಲ್ಲದ ಕಲ್ಲುಮಡುವೇ ಸರಿಯಾದ ಕಲ್ಲುಮಡು ಎಂದು ಅದು ನಂಬಿತು, ನಂಬಿಸಿದವಳು ಹುಲಿಗೆಮ್ಮ.

"ಮೇಡಂ, ಶೂನ್ಯನೇ ತಪ್ಪೈತ್ರಿ" ಎಂದಳು ಅವಳು ಬಿದರಿಯ ಮುಂದೆ ನಿಂತು. "ಜನ ಇಲ್ಲದ ದಿನ ಅಳತಿ ಮಾಡೀವಿ. ಊರು ಅಂದ್ರ ಊರ ಮಂದಿನೂ ಅಲ್ಲೇನ್ರಿ? ನೀರುನಾಯಿ ಸದ್ದು ಈ ಜಾಗದ್ದು, ನಮ್ಮವ್ವ ರೊಟ್ಟಿ ಬಡಿಯೋ ಸದ್ದು ಯಾರ್ದು?"

ಬಿದರಿ ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೀವು ಹೇಳೋದು ನ್ಯಾಯ ಹುಲಿಗೆಮ್ಮ. ಆದರೆ ನ್ಯಾಯ ಅಂತ ನಾನು ಬರೆದರೆ ಮೇಲಿನವರು ಒಪ್ಪೋದಿಲ್ಲ, ಅಳತೆ ಬೇಕು. ಮತ್ತೊಂದು ದಿನ ಅಳೆಯೋಣ. ಜನ ಸಹಜವಾಗಿ ಬದುಕಿದ ದಿನ. ಅಂಕಿ ಇಪ್ಪತ್ತು ದಾಟಿದರೆ ಇಲ್ಲಿ ಊರಿದೆ ಅಂತ ಯಂತ್ರವೇ ಹೇಳಿದಂತೆ. ಶೂನ್ಯವನ್ನ ಅಲ್ಲಿಗೆ ಏರಿಸೋಣ, ಆದೇಶ ತಾನಾಗೇ ಬಿದ್ದುಹೋಗ್ತದೆ. ದಾಟದಿದ್ದರೆ ನನ್ನ ಕೈಲಿ ಏನೂ ಇಲ್ಲ."

ಹುಲಿಗೆಮ್ಮ ಆ ಸಂಜೆಯೇ ಓಣಿ ಹಿಡಿದಳು. ಮನೆ ಮನೆಗೆ ಹೋಗಿ ಹೇಳಿದಳು. ಬರೋ ಸೋಮವಾರ ಒಂದು ದಿನ ಮೊದಲಿನ ಹಾಗೆ ಇರಿ, ಒಲೆ ಹಚ್ಚಿ, ಕುಟ್ಟಿ, ಬಡಿಯಿರಿ, ಕೂಗಾಡಿ, ಆ ದಿನದ ಭಾರಕ್ಕೆ ಪಾಳಿ ತಪ್ಪುವುದಿಲ್ಲ. ಎಲ್ಲರೂ ಕೇಳಿಸಿಕೊಂಡರು, ತಲೆಯಾಡಿಸಿದರು, ಪಿಸುದನಿಯಲ್ಲಿ ಹ್ಞೂ ಎಂದರು. ಗಾಳೆಪ್ಪ ಮಾತ್ರ ಕಟ್ಟೆಯ ಮೇಲಿಂದ ಏಳಲಿಲ್ಲ. ಹರಿಗೋಲಿನ ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

"ಪಾಳಿ ತಪ್ಪೂದಿಲ್ಲ ಅಂತ ಯಾರು ಹೇಳ್ಯಾರವ್ವ?"

"ನಾ ಹೇಳಾಕತ್ತೀನಿ ಮಾಮಾ. ಮೇಡಂನೂ ಹೇಳ್ಯಾರ."

"ಅಪ್ಪನ ಹೆಣಕ್ಕ ಹಲಗಿ ಬಾರಿಸ್ರಿ, ಏನಾಗಂಗಿಲ್ಲ ಅಂತ ಅವತ್ತೂ ನೀನ ಹೇಳಿದ್ದಿ. ಆಮ್ಯಾಲ ಊರ ಮಂದಿ ಮೂರು ತಿಂಗ್ಳ ನನ್ನ ಮಾರಿ ನೋಡ್ಲಿಲ್ಲ. ನೀನರ ಏನ್ ಮಾಡ್ತಿ, ಅವರ ಉಪ್ಪು ಉಂಡಾಕಿ." ಗಾಳೆಪ್ಪ ಹುಟ್ಟನ್ನು ಪಕ್ಕಕ್ಕಿಟ್ಟ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂತಿದ್ರು ಮೊದ್ಲ. ಈಗ ಹೊಳಿ ದಾಟೂಕ ಮುಂಚೇನ ಬ್ಯಾಡಾಗೀವಿ. ಆತು, ನೋಡೂಣ ಹೋಗು."

ಅವನು ನೋಡೋಣ ಎಂದದ್ದನ್ನು ಹುಲಿಗೆಮ್ಮ ಒಪ್ಪಿಗೆ ಎಂದುಕೊಂಡಳು. ಮನುಷ್ಯನಿಗೆ ಬೇಕಾದದ್ದೇ ಕೇಳಿಸುತ್ತದೆ, ಅದಕ್ಕೇನು ಮಾಡುವುದು.

ಯಂಕಮ್ಮನಿಗೆ ಹೇಳಿದಾಗ ಅವಳು ನಕ್ಕೇಬಿಟ್ಟಳು. "ಅಷ್ಟ ಏನ? ನಾವು ಜೀವಂತ ಅದೀವಿ ಅಂತ ತೋರಿಸ್ಬೇಕು, ಹೌದಿಲ್ಲೊ? ಗೋಣಿ ತಗದು ಒಗಿ ಹಂಗಾರ" ಎಂದು ಅಟ್ಟದ ಮೇಲೆ ಬಚ್ಚಿಟ್ಟಿದ್ದ ಒರಳನ್ನು ಇಳಿಸಿಕೊಡು ಎಂದಳು. ಬಿಡಾರದವರ ಪಾಲಾಗದೆ ಉಳಿದ ಒರಳು ಊರಿನಲ್ಲಿ ಅದೊಂದೇ ಇತ್ತು.

ಸೋಮವಾರ ನಸುಕಿನಲ್ಲೇ ನಿಯಂತ್ರಣ ಕೊಠಡಿಗೆ ಬಂದವಳಿಗೆ ಬಿದರಿ ಹೇಳಿದರು. "ಹುಲಿಗೆಮ್ಮ, ನೀವು ಇವತ್ತು ಮನೆಯಲ್ಲೇ ಇರಿ. ನೀವೂ ಆ ಊರಿನವರೇ ಅಲ್ಲವಾ?"

"ಇಲ್ರಿ ಮೇಡಂ, ಇಲ್ಲೇ ಇರ್ತೀನಿ. ಅಂಕಿ ಏರೋದನ್ನ ಕಣ್ಣಾರೆ ನೋಡ್ಬೇಕು."

ಪರದೆಯ ಮೇಲೆ ಊರಿನ ನಕ್ಷೆ. ಪ್ರತಿ ಮನೆಗೂ ಒಂದು ಗೆರೆ. ಸದ್ದಾದರೆ ಗೆರೆ ಪುಟಿಯುತ್ತದೆ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಒಂದು ಗೆರೆ ಪುಟಿಯತೊಡಗಿತು. ಪಟ ಪಟ ಪಟ, ನಡುವೆ ಒಂದು ತಿರುವು, ಮತ್ತೆ ಪಟ ಪಟ. ಹುಲಿಗೆಮ್ಮನಿಗೆ ಆ ಲಯ ಕಣ್ಣಿನಲ್ಲೇ ಕೇಳಿಸಿತು. ಎಷ್ಟೋ ದಿನಗಳ ಮೇಲೆ ಅವ್ವ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಆಮೇಲೆ ಹೊಗೆ ಬಂತು, ಖಾರ ಕುಟ್ಟುವ ಒರಳಿನ ದಮ್ ದಮ್ ಬಂತು.

"ಇದು ಯಾರ ಮನೆ?" ಕೇಳಿದರು ಬಿದರಿ.

"ನಮ್ಮವ್ವಂದ್ರಿ."

"ಉಳಿದವರು?"

ಉಳಿದ ಗೆರೆಗಳು ನೀರವ ಕೊಳದಂತೆ ಮಲಗಿದ್ದವು. ಇನ್ನೂ ಎದ್ದಿಲ್ಲವೇನೋ ಎಂದಳು ಹುಲಿಗೆಮ್ಮ. ಊಟದ ಹೊತ್ತಿಗೆ ಶುರು ಮಾಡುತ್ತಾರೆ ಎಂದಳು. ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಎಂದಳು. ಅವಳ ದನಿ ಹೋಗುತ್ತ ಹೋಗುತ್ತ ಸಣ್ಣದಾಯಿತು. ಕ್ಯಾಮೆರಾ ಓಣಿ ತೋರಿಸಿತು. ಬಾಗಿಲುಗಳು ಮುಚ್ಚಿದ್ದವು. ಕ್ಯಾಂಟೀನಿನ ಹುಡುಗಿ ಪೊಟ್ಟಣಗಳನ್ನು ಹೊಸ್ತಿಲಲ್ಲಿಟ್ಟು ಹೋದಳು. ಬಾಗಿಲು ಬೆರಳಷ್ಟು ತೆರೆದು, ಕೈಯೊಂದು ಬಂದು, ಪೊಟ್ಟಣ ಒಳಗೆ ಹೋಯಿತು. ಉಳಿದವರು ಗದ್ದಲ ಮಾಡುತ್ತಾರೆ, ನಾನೊಬ್ಬ ಸುಮ್ಮನಿದ್ದರೆ ನನ್ನ ಪಾಳಿಗೆ ಧಕ್ಕೆಯಿಲ್ಲ ಎಂದು ಒಬ್ಬೊಬ್ಬನೂ ಬಗೆದಿದ್ದ. ಹೊಸ ಪರೀಕ್ಷೆ ಎಂಬ ಅಂಜಿಕೆಗೆ ಎಂದಿಗಿಂತ ಹೆಚ್ಚು ಬಿಗಿಯಾಗಿ ಕೂತಿದ್ದರು. ಮೂರು ವರ್ಷ ಕಲಿಸಿದ ಪಾಠ, ಒಂದು ಸಂಜೆಯ ಮಾತಿಗೆ ಮರೆತುಹೋಗುತ್ತದೆಯೇ?

ಯಂಕಮ್ಮನ ಗೆರೆ ಮಾತ್ರ ದಿನವಿಡೀ ಕುಣಿಯಿತು. ರೊಟ್ಟಿ ಮುಗಿದ ಮೇಲೆ ಬಟ್ಟೆ ಬಡಿದಳು. ಮತ್ತೆ ಖಾರ ಕುಟ್ಟಿದಳು. ಅರವತ್ತೆಂಟರ ತೋಳು ಮಧ್ಯಾಹ್ನದ ಬಳಿಕ ಸೋತದ್ದು ಪರದೆಯ ಮೇಲೂ ಗೊತ್ತಾಗುತ್ತಿತ್ತು. ಏಟಿಗೂ ಏಟಿಗೂ ನಡುವಿನ ಬಿಡುವು ಹೆಚ್ಚುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಎದ್ದು ಹೋಗಿ ಒಂದು ಕೈ ಕೊಡಲೇ ಎಂದು ಹುಲಿಗೆಮ್ಮನಿಗೆ ಎರಡು ಸಲ ಅನ್ನಿಸಿತು. ಈಗ ಏರೀತು, ಈಗ ಏರೀತು ಎಂದು ಅಂಕಿಯ ಮುಂದೆಯೇ ಕೂತಳು.

ಕತ್ತಲಾಗುತ್ತಲೇ ಯಂತ್ರ ತೀರ್ಪು ಕೊಟ್ಟಿತು. ಒಟ್ಟು ಭಾರ ಏಳು.

"ಏಳು ಹೆಂಗ್ರಿ?" ಹುಲಿಗೆಮ್ಮ ಕುರ್ಚಿಯಿಂದ ಎದ್ದಳು. "ಅವ್ವಂದ ಒಂದ ಅದಕ್ಕಿಂತ ಹೆಚ್ಚಾಗ್ಬೇಕು."

ಬಿದರಿ ಕೆಳಗಿನ ಸಾಲು ತೋರಿಸಿದರು. ಒಂದೇ ಮನೆಯಿಂದ ಬಂದ ಅಸಹಜ ಕಂಪನ, ಉಪಕರಣದ ದೋಷವೆಂದು ಲೆಕ್ಕದಿಂದ ಬಿಡಲಾಗಿದೆ. ಹುಲಿಗೆಮ್ಮನಿಗೆ ಗೊತ್ತಿದ್ದ ನಿಯಮವೇ. ತಂತಿ ಎಲ್ಲೋ ಸಡಿಲಾಗಿ ಕುಣಿದರೆ ಅದನ್ನು ಊರಿನ ತಲೆಗೆ ಕಟ್ಟಬಾರದೆಂದು ಮಾಡಿದ್ದು. ಅಕ್ಕಪಕ್ಕದ ಎರಡು ಮನೆಯಲ್ಲಿ ಒಂದೇ ಬಗೆಯ ಸದ್ದು ಕೇಳಿದರೆ ಅದು ಓಣಿಯ ಬದುಕು ಎಂದು ತಿಳಿದು ಯಂತ್ರ ಇಡೀ ಓಣಿಯ ಹೆಸರಿಗೆ ಬರೆದುಕೊಳ್ಳುತ್ತದೆ. ಒಂದೇ ಮನೆಯಲ್ಲಿ ಕೇಳಿದರೆ ಕೆಟ್ಟ ತಂತಿ.

"ಇನ್ನೊಂದು ಮನೆ ಇದ್ದಿದ್ದರೆ ಇಪ್ಪತ್ತು ದಾಟ್ತಿತ್ತು" ಎಂದರು ಬಿದರಿ. ಅವರ ಕಣ್ಣು ಒದ್ದೆಯಾಗಿತ್ತು. ಆದರೂ ಆದೇಶಕ್ಕೆ ಸಹಿ ಹಾಕಿಯೇ ಹೊರಟರು.

ಹುಲಿಗೆಮ್ಮ ಬಂಡೆ ಇಳಿದು ಓಣಿಗೆ ಬಂದಳು. ಗಾಳೆಪ್ಪನ ಬಾಗಿಲಿನ ಮುಂದೆ ಒಂದು ಗಳಿಗೆ ನಿಂತಳು. ಒದೆಯಬೇಕೆನಿಸಿತು. ಒದೆಯಲಿಲ್ಲ. ಅವ್ವನ ಮನೆಯಲ್ಲಿ ಖಾರದ ಘಾಟು ತುಂಬಿತ್ತು. ಯಂಕಮ್ಮ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ಅಂಗೈ ಕೆಂಪಾಗಿ ಊದಿತ್ತು. ಮಗಳು ಬಂದದ್ದು ನೋಡಿ ತಾಟು ಮುಂದಕ್ಕೆ ಸರಿಸಿದಳು.

"ಬಂತೇನ ನಂದು?" ಎಂದು ಕೇಳಿದಳು.

ಹುಲಿಗೆಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಯವ್ವಾ. ಒಂದ ಮನಿ ಸದ್ದಾದ್ರ ಯಂತ್ರ ತಪ್ಪು ಅಂತ ತಗದು ಹಾಕ್ತೈತಿ. ಮುಂದಿನ ತಿಂಗಳ ಹೋಗಬೇಕು, ಎಲ್ಲಾರೂ." ಅವಳಿಗೆ ಸಿಟ್ಟು ಉಕ್ಕಿ ಬಂತು. "ಇನ್ನೊಂದು ಮನಿ ಸಾಕಿತ್ತು, ಬಾಜೂದ್ದು ಒಂದು. ಆ ಗಾಳೆಪ್ಪ ಮಾಮ ಎದ್ದು ನಾಕು ರೊಟ್ಟಿ ಬಡದಿದ್ರ ಊರು ಉಳೀತಿತ್ತು. ಅಂಜುಬುರುಕ ಮುದುಕ. ಅವನ ಪಾಳಿ ಮಣ್ಣಾಗ್ಲಿ."

"ಅವನ್ನ ಯಾಕ ಬೈತಿ?" ಎಂದಳು ಯಂಕಮ್ಮ. ದಣಿದ ದನಿ, ಅದರಲ್ಲಿ ಸಿಟ್ಟಿರಲಿಲ್ಲ. "ಹಿಂದಿನ ಮನಿ ನಿಂದ ಅಲ್ಲೇನ?"

ಹುಲಿಗೆಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ದಾಖಲೆಯಲ್ಲಿ ಅದು ಬೇರೆ ಮನೆ, ಬೇರೆ ಒಲೆ, ಬೇರೆ ಗೆರೆ. ದಿನವಿಡೀ ಪರದೆಯ ಮೇಲೆ ಅವ್ವನ ಗೆರೆಗೆ ಅಂಟಿಕೊಂಡೇ ಮಲಗಿತ್ತು. ಅವಳು ಒಮ್ಮೆಯೂ ಅದರ ಕಡೆ ನೋಡಿರಲಿಲ್ಲ.

"ಖಾರ ಕುಟ್ಟೂದು ಬಿಟ್ಟು ಬಿಟ್ಟು ಗ್ವಾಡಿ ಬಡದೆ" ಎಂದಳು ಯಂಕಮ್ಮ. "ಹುಲಿಗೀ, ನೀನೂ ಒಲಿ ಹಚ್ಚ, ನಂಗ ಒಬ್ಬಾಕಿಗಿ ಆಗವಲ್ದು ಅಂತ ಕೂಗಿದೆ. ನೀ ಒಳಗ ಅದಿ ಅಂತ ತಿಳಕೊಂಡಿದ್ದೆ."

ಹುಲಿಗೆಮ್ಮ ತುತ್ತನ್ನು ತಾಟಿಗೆ ವಾಪಸಿಟ್ಟಳು. ಯಂಕಮ್ಮ ಗೋಡೆ ಹಿಡಿದು ಎದ್ದು, ಒಲೆಗೆ ನೀರು ಹಾಕಿ, ಪಾತ್ರೆಗಳನ್ನು ಸದ್ದಾಗದಂತೆ ಒಂದರೊಳಗೊಂದು ಇಟ್ಟು ಗೋಣಿಚೀಲಕ್ಕೆ ತುಂಬತೊಡಗಿದಳು.